ದ್ವೀಪಕ್ಕೆ ಹೋಗಿಬರಲು ನಿಜವಾಗಿ ಎಷ್ಟು ಬೇಕು?

ಕಡಲು ನೋಡುವ ಆಸೆಗೆ ನಮ್ಮಲ್ಲಿ ಗೋಕರ್ಣ, ಮಲ್ಪೆ, ಮುರುಡೇಶ್ವರ ಇವೆ. ಕಡಲಿನ ನಡುವೆ ಇರುವ ಆಸೆ ಬೇರೆಯದು. ಆ ಆಸೆ ಹೊತ್ತು ಅಂಡಮಾನಿಗೆ ಹೊರಡುವ ಕನ್ನಡದ ಕುಟುಂಬಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದು ಸುತ್ತಮುತ್ತ ನೋಡಿದರೆ ತಿಳಿಯುತ್ತದೆ. ಬೆಂಗಳೂರಿನಿಂದ ನೇರ ವಿಮಾನವಿದೆ, ಪಾಸ್‌ಪೋರ್ಟ್ ಬೇಡ, ಹಣ ಬದಲಾಯಿಸುವ ತಾಪತ್ರಯವಿಲ್ಲ. ನಿವೃತ್ತಿಯ ಹಣ ಬಂದವರು, ಹೊಸದಾಗಿ ಮದುವೆಯಾದವರು, ಮಕ್ಕಳ ಬೇಸಿಗೆ ರಜೆಗೆ ಕಾದಿರುವವರು ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಒಟ್ಟು ಎಷ್ಟಾಗುತ್ತದೆ?

ಈ ಪ್ರಶ್ನೆಗೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಅರ್ಧ ಉತ್ತರಗಳು. ಜಾಹೀರಾತು ಹೇಳುವ ಮೊತ್ತ ಒಂದು, ಹೋಗಿಬಂದವರು ನೆನಪಿನಿಂದ ಹೇಳುವ ಮೊತ್ತ ಇನ್ನೊಂದು, ಬ್ಯಾಂಕ್ ಖಾತೆಯಿಂದ ಹೋದ ಮೊತ್ತ ಮತ್ತೊಂದು. ಮಧ್ಯಮ ವರ್ಗದ ಮನೆಯಲ್ಲಿ ಇಂಥ ಪ್ರವಾಸ ಹತ್ತು ವರ್ಷಕ್ಕೊಮ್ಮೆ ಆಗುವಂಥದ್ದು. ಅದು ಸಾಲದ ನೆನಪಾಗಿ ಉಳಿಯಬಾರದು, ದುಡ್ಡಿನ ಚಿಂತೆಯಲ್ಲಿ ಅಲ್ಲಿ ಕಳೆಯುವ ದಿನಗಳೂ ಕಹಿಯಾಗಬಾರದು. ಅದಕ್ಕಾಗಿ ಅಂಡಮಾನನ್ನು ನಡುವೆ ಇಟ್ಟುಕೊಂಡು, ಲಕ್ಷದ್ವೀಪ, ಮಾಲ್ಡೀವ್ಸ್, ಬಾಲಿಗಳನ್ನು ಪಕ್ಕದಲ್ಲಿಟ್ಟು ಹೋಲಿಸುತ್ತ, ಈ ಲೆಕ್ಕವನ್ನು ಒಮ್ಮೆ ಪೂರ್ತಿಯಾಗಿ ಬಿಡಿಸಿ ನೋಡುವುದು ಒಳ್ಳೆಯದು.

ದ್ವೀಪ ಯಾಕೆ ದುಬಾರಿ

ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಐನೂರಕ್ಕೂ ಹೆಚ್ಚು ದ್ವೀಪಗಳಿವೆ. ಜನವಸತಿ ಇರುವುದು ನಲವತ್ತಕ್ಕೂ ಕಡಿಮೆ ದ್ವೀಪಗಳಲ್ಲಿ. ನಿಕೋಬಾರ್ ಸಾಮಾನ್ಯ ಪ್ರವಾಸಿಗರಿಗೆ ತೆರೆದಿಲ್ಲ. ಹೀಗಾಗಿ ಬಹುಪಾಲು ಪ್ರವಾಸಿಗರು ನೋಡುವುದು ರಾಜಧಾನಿ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್ ಮತ್ತು ನೀಲ್ ಈ ಮೂರನ್ನೇ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. ಟಿಕೆಟ್ ಮಾಡಿಸುವಾಗ ಹಳೆಯ ಹೆಸರು, ಹೊಸ ಹೆಸರು ಎರಡೂ ಕಣ್ಣಿಗೆ ಬೀಳುತ್ತವೆ, ಗಲಿಬಿಲಿ ಬೇಡ.

ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಸಮುದ್ರದ ದಾರಿ ಸುಮಾರು 1,200 ಕಿಲೋಮೀಟರ್. ಅಕ್ಕಿ, ಬೇಳೆ, ಎಣ್ಣೆ, ಸಿಮೆಂಟು, ಸೋಪು ಬಹುತೇಕ ಎಲ್ಲವೂ ಚೆನ್ನೈ, ಕೋಲ್ಕತ್ತಾಗಳಿಂದ ಹಡಗಿನಲ್ಲಿ ಬರಬೇಕು. ಹ್ಯಾವ್‌ಲಾಕ್‌ಗಾದರೆ ಅಲ್ಲಿಂದ ಇನ್ನೊಮ್ಮೆ ದೋಣಿಗೆ ಏರಬೇಕು. ವಿದ್ಯುತ್ತು ಹೆಚ್ಚಾಗಿ ಡೀಸೆಲ್ ಜನರೇಟರ್‌ನದ್ದು. ಕುಡಿಯುವ ನೀರು ಮಳೆಯನ್ನು ನಂಬಿದ್ದು. ಬೇಸಿಗೆಯಲ್ಲಿ ಅಲ್ಲಿನ ಮನೆಗಳಿಗೇ ನೀರಿನ ಪಡಿ ಬೀಳುತ್ತದೆ. ಪ್ರವಾಸಿಗರ ಊಟದ ತಟ್ಟೆಯ ಬೆಲೆಯಲ್ಲಿ ಇಷ್ಟೆಲ್ಲವೂ ಸೇರಿದೆ. ಮೀನು ಅಲ್ಲಿನದ್ದೇ, ತೆಂಗಿನಕಾಯಿ ಅಲ್ಲಿನದ್ದೇ, ನೀಲ್ ದ್ವೀಪದ ರೈತರು ಬೆಳೆಯುವ ತರಕಾರಿ ಸುತ್ತಲಿನ ದ್ವೀಪಗಳಿಗೂ ಹೋಗುತ್ತದೆ. ಆದ್ದರಿಂದ ಮೀನು ಊಟ, ಊರ ತರಕಾರಿಯ ಸಾರು, ಅನ್ನ ತಿನ್ನುವವನ ಬಿಲ್ಲಿಗೂ ಪನೀರ್, ಚೀಸ್, ಸೇಬು ಕೇಳುವವನ ಬಿಲ್ಲಿಗೂ ದೊಡ್ಡ ಅಂತರವಿರುತ್ತದೆ.

ಇನ್ನೊಂದು ಸಂಗತಿ ಗಮನಿಸಬೇಕು. ತೆರಿಗೆ ಕಡಿಮೆ ಇರುವುದರಿಂದ ಪೆಟ್ರೋಲ್ ಅಲ್ಲಿ ಕರ್ನಾಟಕಕ್ಕಿಂತ ಅಗ್ಗ. ಆದರೂ ಟ್ಯಾಕ್ಸಿ ದುಬಾರಿ. ಹ್ಯಾವ್‌ಲಾಕ್‌ನಂಥ ಕಡೆ ಗಾಡಿಗಳು ಕಡಿಮೆ, ಓಡುವ ದೂರವೂ ಕಡಿಮೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಾಡಿಗೆಯೇ ಇಲ್ಲ. ಚಾಲಕ ತನ್ನ ವರ್ಷದ ದುಡಿಮೆಯನ್ನು ಕೆಲವೇ ತಿಂಗಳಲ್ಲಿ ಮಾಡಿಕೊಳ್ಳಬೇಕು. ಈ ಹಿನ್ನೆಲೆ ಗೊತ್ತಿದ್ದವರಿಗೆ ಜೆಟ್ಟಿಯಿಂದ ಹೋಟೆಲಿಗೆ ಕೇಳುವ ಬಾಡಿಗೆ ಸುಲಿಗೆಯಂತೆ ಕಾಣುವುದಿಲ್ಲ. ಮೊದಲೇ ಲೆಕ್ಕಕ್ಕೆ ಹಿಡಿಯಬೇಕಾದ ಖರ್ಚಾಗಿ ಕಾಣುತ್ತದೆ.

ಮೂರು ಬಗೆಯ ಖರ್ಚು

ಪ್ರವಾಸದ ಖರ್ಚನ್ನು ಟಿಕೆಟ್, ವಸತಿ, ಊಟ ಎಂದು ವಿಂಗಡಿಸುವುದು ರೂಢಿ. ದ್ವೀಪಕ್ಕೆ ಬಂದಾಗ ಬೇರೆ ವಿಂಗಡಣೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಲೆಗೆ ಬೀಳುವ ಖರ್ಚು, ದಿನಕ್ಕೆ ಬೀಳುವ ಖರ್ಚು, ದಾಟಿದಾಗಲೆಲ್ಲ ಬೀಳುವ ಖರ್ಚು.

ವಿಮಾನದ ಟಿಕೆಟ್ ತಲೆಗೆ ಬೀಳುತ್ತದೆ. ನೀವು ಅಲ್ಲಿ ನಾಲ್ಕು ದಿನ ಇದ್ದರೂ ಅಷ್ಟೇ, ಎಂಟು ದಿನ ಇದ್ದರೂ ಅಷ್ಟೇ. ಕೋಣೆ, ಊಟ, ಓಡಾಟದ ಗಾಡಿ ದಿನಕ್ಕೆ ಬೀಳುತ್ತವೆ. ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರಿ ಪ್ರತಿ ಸಲ ದಾಟಿದಾಗಲೂ ಪ್ರತಿ ತಲೆಗೂ ಬೀಳುತ್ತದೆ. ಜೊತೆಗೆ ಹೋಟೆಲಿನಿಂದ ಜೆಟ್ಟಿಗೆ, ಜೆಟ್ಟಿಯಿಂದ ಇನ್ನೊಂದು ಹೋಟೆಲಿಗೆ ಗಾಡಿ, ಸಾಮಾನು ಸಾಗಣೆ, ಕಾಯುವಾಗ ಮಕ್ಕಳಿಗೆ ತಿಂಡಿ. ಎಲ್ಲಕ್ಕಿಂತ ಹೆಚ್ಚಾಗಿ ಅರ್ಧ ದಿನ ಅದಕ್ಕೇ ಹೋಗುತ್ತದೆ. ಹತ್ತು ಗಂಟೆಗೆ ಕೋಣೆ ಖಾಲಿ ಮಾಡಿ, ಒಂದು ಗಂಟೆ ಮುಂಚೆ ಜೆಟ್ಟಿ ತಲುಪಿ, ಚೀಟಿ ತೋರಿಸಿ, ಸಾಮಾನು ಪರೀಕ್ಷೆ ಮುಗಿಸಿ, ಒಂದೂವರೆ ಗಂಟೆ ಸಮುದ್ರದ ಮೇಲಿದ್ದು ಹೊಸ ಹೋಟೆಲಿನ ಕೋಣೆ ಸೇರುವ ಹೊತ್ತಿಗೆ ಮಧ್ಯಾಹ್ನ ಮೂರು ದಾಟಿರುತ್ತದೆ. ಅಂಡಮಾನಿನಲ್ಲಿ ಕತ್ತಲೆ ಬೇಗ. ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಆ ದಿನದ ಕೋಣೆ ಬಾಡಿಗೆ ಪೂರ್ತಿ ಕೊಟ್ಟಿದ್ದರೂ ಕಡಲು ನೋಡಲು ಸಿಕ್ಕಿದ್ದು ಎರಡು ಗಂಟೆ.

ಈ ವಿಂಗಡಣೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ, ಈ ಲೇಖನದ ಮುಖ್ಯ ಮಾತೂ ಅದೇ: ದ್ವೀಪ ಪ್ರವಾಸದಲ್ಲಿ ಇನ್ನೊಂದು ದಿನ ಅಗ್ಗ, ಇನ್ನೊಂದು ದ್ವೀಪ ದುಬಾರಿ. ಬಹಳ ಮಂದಿ ಮಾಡುವುದು ಇದಕ್ಕೆ ಉಲ್ಟಾ. ರಜೆಯಲ್ಲಿ ಒಂದು ದಿನ ಕಡಿಮೆ ಮಾಡಿ, ಪಟ್ಟಿಗೆ ಒಂದು ದ್ವೀಪ ಸೇರಿಸುತ್ತಾರೆ.

ನಾಲ್ವರ ಕುಟುಂಬದ ಮಾದರಿ ಲೆಕ್ಕ

ಮೈಸೂರಿನ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ಪ್ರೌಢಶಾಲೆಯ ಇಬ್ಬರು ಮಕ್ಕಳು. ಆರು ದಿನ, ಐದು ರಾತ್ರಿ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್. ಹಬ್ಬದ ವಾರವಲ್ಲ, ಎರಡು ಮೂರು ತಿಂಗಳು ಮುಂಚೆ ಟಿಕೆಟ್ ಮಾಡಿಸಿದ್ದಾರೆ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಿಡಿದ ದುಂಡು ಅಂಕಿಗಳು. ನೀವು ಹೊರಡುವ ತಿಂಗಳಿನ ದರ ವಿಚಾರಿಸಿ ಅವುಗಳ ಜಾಗದಲ್ಲಿ ನಿಮ್ಮ ಅಂಕಿ ಬರೆದುಕೊಳ್ಳಬೇಕು.

ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಹೋಗಿ ಬರಲು, ದಾರಿಯ ತಿಂಡಿ ಸೇರಿ, 7,000. ವಿಮಾನ ಹೋಗಿಬರಲು ತಲೆಗೆ 14,000ದಂತೆ 56,000. ಐದು ರಾತ್ರಿಯ ವಸತಿ ದಿನಕ್ಕೆ 5,000ದಂತೆ 25,000. ಖಾಸಗಿ ಫೆರಿಯಲ್ಲಿ ಮೂರು ಸಲ ದಾಟಲು ಸರಾಸರಿ 1,500ರಂತೆ ನಾಲ್ವರಿಗೆ 18,000. ಎಲ್ಲ ದಿನಗಳ ಗಾಡಿ ಬಾಡಿಗೆ 14,000. ಊಟ ತಿಂಡಿ 22,000. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿಗೆ ದೋಣಿ, ಇಬ್ಬರಿಗೆ ಸ್ಕೂಬಾ ಸೇರಿ ನೀರಿನ ಆಟಗಳಿಗೆ 12,000. ಸೆಲ್ಯುಲರ್ ಜೈಲಿನ ಪ್ರವೇಶ, ಅಲ್ಲಿನ ಧ್ವನಿ-ಬೆಳಕು ಪ್ರದರ್ಶನ, ಹಿಂದೆ ರಾಸ್ ಐಲ್ಯಾಂಡ್ ಎನ್ನುತ್ತಿದ್ದ ದ್ವೀಪಕ್ಕೆ ದೋಣಿ, ಇವಕ್ಕೆ 4,000. ಔಷಧಿ, ಎಳನೀರು, ಭಕ್ಷೀಸು, ನೆಂಟರಿಗೆ ಸಣ್ಣಪುಟ್ಟ ಉಡುಗೊರೆ 6,000. ಒಟ್ಟು 1,64,000. ಇದರ ಮೇಲೆ ಶೇ 15ರಷ್ಟು, ಅಂದರೆ ಸುಮಾರು 25,000, ಮುಟ್ಟದೆ ಇಡಬೇಕಾದ ಹಣ. ಅಲ್ಲಿಗೆ 1,89,000. ತಲೆಗೆ 47,000 ಚಿಲ್ಲರೆ.

ಈಗ ಇದೇ ಅಂಕಿಗಳನ್ನು ಬೇರೆ ರೀತಿಯಲ್ಲಿ ಕೂಡಿ ನೋಡಿ. ಕೋಣೆ, ಊಟ, ಗಾಡಿ ಸೇರಿದರೆ 61,000. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತು ಸಾವಿರದ ಆಸುಪಾಸು. ಅಂದರೆ ಏಳನೇ ದಿನ ಉಳಿದರೆ ಒಟ್ಟು ಖರ್ಚು ಏರುವುದು ಶೇ 5ರಿಂದ 6ರಷ್ಟು ಮಾತ್ರ. ಮೈಸೂರಿನಿಂದ ಅಷ್ಟು ದೂರ ನಾಲ್ವರನ್ನು ತಲುಪಿಸಲು 63,000 ಆಗಲೇ ಖರ್ಚಾಗಿದೆ. ಒಂದು ದಿನ ಮೊಟಕು ಮಾಡಿದರೆ ಅದರಲ್ಲಿ ಒಂದು ಪೈಸೆಯೂ ವಾಪಸು ಬರುವುದಿಲ್ಲ. ಬದಲಿಗೆ ನೀಲ್ ಕೈಬಿಟ್ಟು ಹ್ಯಾವ್‌ಲಾಕ್‌ನಲ್ಲೇ ಮೂರು ರಾತ್ರಿ ಇದ್ದರೆ ಒಂದು ದಾಟು ಉಳಿಯುತ್ತದೆ. ಫೆರಿ, ಜೆಟ್ಟಿಯ ಗಾಡಿ ಸೇರಿ ಏಳು ಸಾವಿರದಷ್ಟು ಉಳಿತಾಯ, ಮೇಲೆ ಅರ್ಧ ದಿನ ಲಾಭ. ನೀಲ್ ಸುಂದರ ದ್ವೀಪವೇ. ಭರತ್‌ಪುರ, ಲಕ್ಷ್ಮಣ್‌ಪುರ ಕಡಲತೀರಗಳನ್ನು ನೋಡಿದವರು ಮರೆಯುವುದಿಲ್ಲ. ಆದರೆ ಅಲ್ಲಿ ಒಂದೇ ರಾತ್ರಿ ಇದ್ದು ಓಡಿಬರುವವರು ಅದನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಜೆಟ್ಟಿಯನ್ನೇ ನೋಡುತ್ತಾರೆ.

ಕಡಲು ಒಪ್ಪದ ದಿನ

ನೆಲದ ಪ್ರವಾಸದಲ್ಲಿ ರೈಲು ತಪ್ಪಿದರೆ ಬಸ್ಸು, ಬಸ್ಸು ತಪ್ಪಿದರೆ ಟ್ಯಾಕ್ಸಿ. ದ್ವೀಪದಲ್ಲಿ ಗಾಳಿ ಎದ್ದರೆ ಎಲ್ಲ ಫೆರಿಗಳೂ ಒಟ್ಟಿಗೆ ನಿಲ್ಲುತ್ತವೆ. ಅಂಡಮಾನಿಗೆ ಮುಂಗಾರು, ಹಿಂಗಾರು ಎರಡರ ಮಳೆಯೂ ಬೀಳುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. ಡಿಸೆಂಬರ್ ನಡುವಿನಿಂದ ಏಪ್ರಿಲ್‌ವರೆಗೆ ಕಡಲು ಹೆಚ್ಚು ಶಾಂತ.

ಫೆರಿ ರದ್ದಾದರೆ ಟಿಕೆಟ್ ಹಣ ವಾಪಸು ಬರಬಹುದು, ಬೇರೆ ದಿನಕ್ಕೆ ಬದಲಿಸಿಯೂ ಕೊಡಬಹುದು. ಆ ಹಣ ಸಣ್ಣದು. ದೊಡ್ಡ ನಷ್ಟ ಅದರ ಹಿಂದೆ ಸಾಲಾಗಿ ಬರುತ್ತದೆ. ಮುಂದಿನ ದ್ವೀಪದ ಹೋಟೆಲಿಗೆ ಕಟ್ಟಿದ ಒಂದು ರಾತ್ರಿಯ ಹಣ ಹೋಯಿತು. ಇದ್ದ ದ್ವೀಪದಲ್ಲೇ ಇನ್ನೊಂದು ರಾತ್ರಿಗೆ ಕೋಣೆ ಹುಡುಕಬೇಕು. ಸಿಕ್ಕಿಬಿದ್ದವರೆಲ್ಲ ಅದನ್ನೇ ಹುಡುಕುತ್ತಿರುತ್ತಾರೆ. ಮರುದಿನ ಬೆಳಿಗ್ಗೆ ವಿಮಾನವಿದ್ದರೆ ನಾಲ್ವರಿಗೂ ಹೊಸ ಟಿಕೆಟ್, ಅದೂ ಆ ದಿನದ ದರದಲ್ಲಿ. ಮುಟ್ಟದೆ ಇಟ್ಟ 25,000 ಸಾಲದೆ ಹೋಗುವ ಸಂದರ್ಭ ಇದೊಂದೇ. ಅದನ್ನು ತಪ್ಪಿಸಲು ಹಣ ಬೇಡ, ಕ್ರಮ ಬೇಕು: ಕೊನೆಯ ರಾತ್ರಿ ಕಡ್ಡಾಯವಾಗಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ದೂರದ ದ್ವೀಪಗಳನ್ನು ಮೊದಲು ಮುಗಿಸಿ, ಸೆಲ್ಯುಲರ್ ಜೈಲು, ವಸ್ತುಸಂಗ್ರಹಾಲಯ, ಪೇಟೆಗಳನ್ನು ಕೊನೆಗಿಡಬೇಕು. ಅನೇಕ ಸಿದ್ಧ ಪಟ್ಟಿಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ.

ಸ್ಕೂಬಾ ಮಾಡುವವರಿಗೆ ಇನ್ನೊಂದು ಕಾರಣವೂ ಇದೆ. ನೀರಿನಾಳಕ್ಕೆ ಇಳಿದಾಗ ದೇಹದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ವಿಮಾನ ಏರಿದರೆ ಅಪಾಯ. ಒಂದು ಸಲ ಮುಳುಗಿದ್ದರೆ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಬಿಡುವು ಕೊಡಬೇಕೆಂಬುದು ಮುಳುಗುವವರ ಸುರಕ್ಷತೆಗೆ ಪಾಲಿಸುವ ನಿಯಮ. ಕೊನೆಯ ದಿನದ ಬಿಡುವು ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಸರ್ಕಾರಿ ಫೆರಿಗಳ ದರ ಖಾಸಗಿಯವಕ್ಕಿಂತ ಬಹಳ ಕಡಿಮೆ. ಎರಡೂವರೆ ಗಂಟೆಯಷ್ಟು ಹೊತ್ತು ಹಿಡಿದರೂ ಹೊರಗಿನ ಗಾಳಿಗೆ ನಿಂತು ಹೋಗುವ ಸುಖವಿದೆ. ಆದರೆ ಅವು ದ್ವೀಪದ ಜನರ ದಿನನಿತ್ಯದ ಸಾರಿಗೆ. ಆಸ್ಪತ್ರೆಗೆ ಹೋಗುವ ಬಸುರಿ, ಕಾಲೇಜಿಗೆ ಹೋಗುವ ಹುಡುಗ, ತರಕಾರಿ ಒಯ್ಯುವ ರೈತ ಎಲ್ಲರೂ ಅದನ್ನೇ ನಂಬಿದ್ದಾರೆ. ಟಿಕೆಟ್ ಸಿಗುವುದು ಖಾತರಿಯಿಲ್ಲ. ಲೆಕ್ಕವನ್ನು ಖಾಸಗಿ ದರದಲ್ಲೇ ಹಾಕಿ, ಸರ್ಕಾರಿ ಟಿಕೆಟ್ ಸಿಕ್ಕರೆ ಉಳಿತಾಯವೆಂದು ತಿಳಿಯುವುದು ಸರಿಯಾದ ಕ್ರಮ.

'ಎಲ್ಲ ಸೇರಿ' ಎಂಬ ಚೀಟಿ

ಪ್ಯಾಕೇಜ್ ಟೂರ್ ಕೊಳ್ಳುವುದು ತಪ್ಪಲ್ಲ. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ, ಮೊದಲ ಸಲ ಹೊರಟಿದ್ದರೆ, ಜೆಟ್ಟಿಯಲ್ಲಿ ಹೆಸರು ಹಿಡಿದು ಕಾಯುವ ಒಬ್ಬ ಮನುಷ್ಯ ಇರುವುದೇ ದೊಡ್ಡ ನೆಮ್ಮದಿ. ಆದರೆ ಆ ಚೀಟಿಯನ್ನು ಸಾಲು ಸಾಲಾಗಿ ಓದಬೇಕು. ಮಾಮೂಲಿ ಚೀಟಿಯಲ್ಲಿ ಸೇರಿರುವುದು ಹೋಟೆಲು, ಬೆಳಗಿನ ತಿಂಡಿ, ಫೆರಿ, ಗಾಡಿ, ಪ್ರವೇಶ ಶುಲ್ಕ. ನಮ್ಮ ಮಾದರಿಯಲ್ಲಿ ಇವುಗಳ ಮೊತ್ತ 61,000. ಒಟ್ಟು 1,89,000ದಲ್ಲಿ ಸುಮಾರು ಮೂರನೇ ಒಂದು ಭಾಗ. 'ತಲೆಗೆ ಹದಿನೈದು ಸಾವಿರಕ್ಕೆ ಅಂಡಮಾನ್' ಎಂಬ ಜಾಹೀರಾತು ಸುಳ್ಳು ಹೇಳುತ್ತಿಲ್ಲ. ಅದು ಆ ಮೂರನೇ ಒಂದು ಭಾಗದ ಬಗ್ಗೆ ಮಾತ್ರ ಮಾತಾಡುತ್ತಿದೆ. ಉಳಿದ ಎರಡು ಭಾಗ ಕೊಳ್ಳುವವನ ಹೊಣೆ.

ಕೇಳಬೇಕಾದ ಪ್ರಶ್ನೆಗಳು ಕೆಲವೇ. ಗಾಡಿ ದಿನವಿಡೀ ನಮ್ಮದೋ, ಗೊತ್ತುಮಾಡಿದ ಜಾಗಗಳಿಗೆ ಮಾತ್ರವೋ? ಕೋಣೆಯಲ್ಲಿ ಮೂರನೆಯವರಿಗೆ ಮಂಚವೋ, ನೆಲದ ಹಾಸಿಗೆಯೋ? ಫೆರಿ ರದ್ದಾದರೆ ಹೆಚ್ಚುವರಿ ರಾತ್ರಿಯ ಖರ್ಚು ಯಾರದು? ಜಿಎಸ್‌ಟಿ ಸೇರಿದೆಯೋ, ಮೇಲೆಯೋ? ಎಲಿಫೆಂಟ್ ಬೀಚಿಗೆ ದೋಣಿ ಸೇರಿದೆಯೋ? ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ದೋಣಿಯ ಟಿಕೆಟ್ಟಿನಲ್ಲೇ ಸ್ನಾರ್ಕೆಲಿಂಗ್ ಇರುತ್ತದೆ ಎನ್ನುತ್ತಾರೆ, ಇರುತ್ತದೆ ಕೂಡ. ಆದರೆ ಅದು ಕೆಲವೇ ನಿಮಿಷದ್ದು. ನೀರಿಗಿಳಿದು ಮೊದಲ ಹವಳ, ಮೊದಲ ನೀಲಿ ಮೀನು ಕಂಡ ಮಗು 'ಇನ್ನೂ ಸ್ವಲ್ಪ' ಎನ್ನುತ್ತದೆ. ಇನ್ನೂ ಸ್ವಲ್ಪಕ್ಕೆ ಬೇರೆ ದರ, ಆಳದ ಕಡೆ ಕರೆದೊಯ್ಯಲು ಬೇರೆ ದರ, ವಿಡಿಯೊಗೆ ಬೇರೆ ದರ. ಆ ಕ್ಷಣದಲ್ಲಿ ಬೇಡ ಎನ್ನುವ ಅಪ್ಪ ಅಮ್ಮಂದಿರು ಕಡಿಮೆ, ಅನ್ನಬೇಕಾಗಿಯೂ ಇಲ್ಲ. ಅದಕ್ಕೆಂದೇ ಅಷ್ಟು ದೂರ ಬಂದದ್ದು. ಮುಂಚೆಯೇ ಆ ಹಣ ಎತ್ತಿಟ್ಟಿದ್ದರೆ ಮುಖ ಗಂಟಿಕ್ಕದೆ ಕೊಡಬಹುದು.

ತೆರಿಗೆಯ ವಿಷಯದಲ್ಲಿ ಒಂದು ಗೆರೆ ನೆನಪಿಡಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕೂ ಮೇಲ್ಪಟ್ಟರೆ ಶೇ 18. 7,400ರ ಕೋಣೆಗೆ ತೆರಿಗೆ ಸೇರಿ 7,770 ಆಗುತ್ತದೆ. 7,600ರ ಕೋಣೆಗೆ 8,968. ಬಾಡಿಗೆಯಲ್ಲಿ 200 ರೂಪಾಯಿ ವ್ಯತ್ಯಾಸ, ಕೊಡುವಾಗ 1,198.

ನಗದು ಹಣ ಕೈಯಲ್ಲಿರಲಿ. 2020ರ ಆಗಸ್ಟ್‌ನಲ್ಲಿ ಚೆನ್ನೈ–ಅಂಡಮಾನ್ ನಡುವೆ ಸಮುದ್ರದಡಿಯ ಕೇಬಲ್ ಬಂದ ಮೇಲೆ ಅಂತರ್ಜಾಲ ಎಷ್ಟೋ ಸುಧಾರಿಸಿದೆ. ಆದರೂ ಹ್ಯಾವ್‌ಲಾಕ್, ನೀಲ್‌ಗಳಲ್ಲಿ ಸಂಪರ್ಕ ಕೈಕೊಡುವುದುಂಟು, ಎಟಿಎಂಗಳು ಬೆರಳೆಣಿಕೆಯಷ್ಟು. ಯುಪಿಐ ಒಂದನ್ನೇ ನಂಬಿ ಹೋದರೆ ಎಳನೀರಿನವನ ಮುಂದೆ ಮುಜುಗರವಾಗುತ್ತದೆ.

ಬೇರೆ ದ್ವೀಪಗಳಲ್ಲಿ ಇದೇ ಲೆಕ್ಕ

ಲಕ್ಷದ್ವೀಪ ನಮಗೆ ಹತ್ತಿರದ್ದು, ಸಂಬಂಧವೂ ಹಳೆಯದು. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು. 36 ದ್ವೀಪಗಳ ಒಟ್ಟು ವಿಸ್ತೀರ್ಣವೇ 32 ಚದರ ಕಿಲೋಮೀಟರ್, ಜನ ಇರುವುದು ಹತ್ತರಲ್ಲಿ. ಹೋಗಲು ಪರವಾನಗಿ ಬೇಕು. ಕೊಚ್ಚಿಯಿಂದ ಹಡಗು, ಅಗತ್ತಿಗೆ ವಿಮಾನ. 2024ರಲ್ಲಿ ಬೆಂಗಳೂರಿನಿಂದಲೂ ಅಗತ್ತಿಗೆ ವಿಮಾನ ಆರಂಭವಾಯಿತು. ಹಾಸಿಗೆಗಳ ಸಂಖ್ಯೆ ಕಡಿಮೆ, ಆಯ್ಕೆ ಕಡಿಮೆ. ಆದ್ದರಿಂದ ಇಲ್ಲಿ ದರ ಚೌಕಾಸಿಗೆ ಜಾಗವಿಲ್ಲ, ದಿನಾಂಕ ಸಿಗುವುದೇ ಮುಖ್ಯ. ಹಡಗಿನಲ್ಲೇ ಮಲಗಿ ಹಗಲು ದ್ವೀಪ ಸುತ್ತುವ ಸರ್ಕಾರಿ ಪ್ರವಾಸದಲ್ಲಿ ಊಟ, ವಸತಿ, ದಾಟು ಮೂರೂ ಒಂದೇ ಟಿಕೆಟ್ಟಿನಲ್ಲಿ ಸೇರಿರುವುದರಿಂದ ಲೆಕ್ಕ ತಪ್ಪುವ ಭಯ ಕಡಿಮೆ.

ಮಾಲ್ಡೀವ್ಸ್‌ನಲ್ಲಿ ಭಾರತೀಯರಿಗೆ ಹೋದ ಮೇಲೆ ಉಚಿತ ವೀಸಾ. ಆದರೆ ರೆಸಾರ್ಟಿನ ಬಿಲ್ಲನ್ನು ಬಿಡಿಸಿ ನೋಡಬೇಕು. ಇಬ್ಬರಿಗೆ ರಾತ್ರಿಗೆ 200 ಡಾಲರ್ ಎಂದು ಕಂಡ ಕೋಣೆಗೆ ಶೇ 10 ಸೇವಾ ಶುಲ್ಕ ಸೇರಿ 220. ಅದರ ಮೇಲೆ 2025ರ ಜುಲೈನಿಂದ ಶೇ 17 ಆಗಿರುವ ಪ್ರವಾಸೋದ್ಯಮ ಜಿಎಸ್‌ಟಿ ಸೇರಿ 257. ಮೇಲೆ ತಲೆಗೆ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ. ಅಲ್ಲಿಗೆ 281 ಡಾಲರ್. ಆ ದ್ವೀಪ ತಲುಪುವ ಸೀಪ್ಲೇನ್‌ಗೆ ಹೋಗಿಬರಲು ಹಲವೆಡೆ ತಲೆಗೆ 400 ಡಾಲರ್ ಮೀರುತ್ತದೆ. ಸೀಪ್ಲೇನ್ ಹಗಲು ಹೊತ್ತಿನಲ್ಲಿ ಮಾತ್ರ ಹಾರುವುದರಿಂದ, ಸಂಜೆ ಇಳಿದವರು ರಾಜಧಾನಿ ಮಾಲೆಯಲ್ಲಿ ಒಂದು ರಾತ್ರಿ ಕಳೆಯಬೇಕು. ಇಲ್ಲಿಯೂ ಕಿಸೆ ಖಾಲಿ ಮಾಡುವುದು ದಾಟುವುದೇ. ಮಾಫುಶಿಯಂಥ ಊರ ದ್ವೀಪಗಳ ಅತಿಥಿಗೃಹದಲ್ಲಿ ಉಳಿದರೆ, ಮಾಲೆಯಿಂದ ದೋಣಿಯಲ್ಲೇ ಹೋಗಬಹುದು, ಹಸಿರು ತೆರಿಗೆ ಅರ್ಧ, ಊಟ ಕೈಗೆಟುಕುತ್ತದೆ. ಮದ್ಯ ಅಲ್ಲಿ ಸಿಗುವುದಿಲ್ಲ, ಉಡುಪಿನಲ್ಲಿ ಊರಿನ ರೀತಿ ಪಾಲಿಸಬೇಕು.

ಬಾಲಿಯ ಲೆಕ್ಕ ಬೇರೆ. ವಿಮಾನ ದುಬಾರಿ, ಇಳಿದ ಮೇಲೆ ಅಗ್ಗ. ಇಳಿದಾಗ ಕೊಡುವ ವೀಸಾಗೆ 5 ಲಕ್ಷ ರುಪಿಯಾ, 2024ರ ಫೆಬ್ರವರಿಯಿಂದ ಪ್ರವಾಸಿ ಶುಲ್ಕ 1.5 ಲಕ್ಷ ರುಪಿಯಾ ಸೇರಿಸಿಕೊಳ್ಳಬೇಕು. ಅಲ್ಲಿನ ಹೊಸ ವರ್ಷವಾದ ನ್ಯೇಪಿಯಂದು ವಿಮಾನ ನಿಲ್ದಾಣವೂ ಸೇರಿ ಇಡೀ ದ್ವೀಪ ಒಂದು ದಿನ ಮುಚ್ಚಿರುತ್ತದೆ. ಮಾರ್ಚ್ ಆಸುಪಾಸು ಹೋಗುವವರು ದಿನಾಂಕ ನೋಡಬೇಕು. ಮುಖ್ಯ ದ್ವೀಪದಲ್ಲೇ ಒಂದು ವಾರ ಇದ್ದವರ ಖರ್ಚಿಗೂ ನುಸಾ ಪೆನಿಡಾ, ಗಿಲಿ ಎಂದು ದೋಣಿ ಹತ್ತಿದವರ ಖರ್ಚಿಗೂ ಇರುವ ವ್ಯತ್ಯಾಸ, ಇನ್ನೊಂದು ದ್ವೀಪ ದುಬಾರಿ ಎಂಬ ಅದೇ ಮಾತನ್ನು ಮತ್ತೆ ಹೇಳುತ್ತದೆ.

ಹೊರದೇಶಕ್ಕೆ ಹೋಗುವವರಿಗೆ ಇನ್ನೆರಡು ಸಂಗತಿ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ ಟಿಸಿಎಸ್ ಎಂದು ಒಂದಷ್ಟು ಹಣ ಹಿಡಿಯುತ್ತಾರೆ. ಆದಾಯ ತೆರಿಗೆ ಲೆಕ್ಕಪತ್ರ ಸಲ್ಲಿಸುವಾಗ ಅದು ನಮ್ಮ ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಿದ್ದರೆ ವಾಪಸು ಬರುತ್ತದೆ. ಅಷ್ಟರವರೆಗೆ ಆ ಹಣ ಕೈಯಲ್ಲಿರುವುದಿಲ್ಲ. ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ, ಕೊಳ್ಳುವಾಗ ಕೇಳಿಕೊಳ್ಳಬೇಕು. ಎರಡನೆಯದು, ಅಲ್ಲಿನ ಅಂಗಡಿಯ ಯಂತ್ರ 'ರೂಪಾಯಿಯಲ್ಲಿ ಕೊಡುತ್ತೀರಾ' ಎಂದು ಕೇಳಿದರೆ ಬೇಡವೆಂದು ಅಲ್ಲಿನ ನಾಣ್ಯವನ್ನೇ ಆರಿಸಬೇಕು. ರೂಪಾಯಿ ಆರಿಸಿದರೆ ವಿನಿಮಯ ದರ ಅವರು ಹೇಳಿದ್ದೇ.

ಇಷ್ಟೆಲ್ಲ ಖರ್ಚು ಈ ವರ್ಷ ಆಗದು ಎನ್ನುವವರು ಆಸೆಯನ್ನು ಬಿಡಬೇಕಿಲ್ಲ. ಸ್ಕೂಬಾ ಒಂದೇ ಆಸೆಯಾದರೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ಇದೆ; ಅಲ್ಲಿಗೆ ವಿಮಾನ ಬೇಡ, ರಾತ್ರಿ ಬಸ್ಸು ಸಾಕು. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಬಸಾಲ್ಟ್ ಕಂಬಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳಿಗೆ ಭೂಮಿಯ ಚರಿತ್ರೆ ತೋರಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಎರಡೂ ಮಳೆಗಾಲದಲ್ಲಿ ಮುಚ್ಚಿರುತ್ತವೆ.

ಎಲ್ಲಿ ಉಳಿಸಬೇಕು, ಎಲ್ಲಿ ಬೇಡ

ಉಳಿಸಲು ಮೊದಲ ಜಾಗ ದಿನಾಂಕ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಿ ವಿಮಾನ, ಕೋಣೆ ಎರಡರ ದರವೂ ಜಿಗಿಯುತ್ತದೆ. ಅದೇ ಕಡಲು, ಅದೇ ಬಿಸಿಲು ಫೆಬ್ರವರಿಯಲ್ಲಿ ಕಡಿಮೆ ದರಕ್ಕೆ ಸಿಗುತ್ತವೆ. ಶಾಲೆಯ ಮಕ್ಕಳಿರುವವರಿಗೆ ಏಪ್ರಿಲ್ ಮೊದಲ ವಾರಗಳು ಒಳ್ಳೆಯವು. ಕೇಂದ್ರ ಸರ್ಕಾರಿ ನೌಕರರಿಗೆ ಅಂಡಮಾನಿಗೆ ವಿಮಾನದಲ್ಲಿ ಹೋಗಲು ಎಲ್‌ಟಿಸಿಯಲ್ಲಿ, ಅಂದರೆ ರಜೆ ಪ್ರವಾಸದ ರಿಯಾಯಿತಿಯಲ್ಲಿ, ವಿಶೇಷ ಸಡಿಲಿಕೆ ಕೊಡುತ್ತ ಬಂದಿದ್ದಾರೆ. ಮನೆಯಲ್ಲಿ ಅಂಥವರಿದ್ದರೆ ಈಗಿನ ಆದೇಶವನ್ನು ಕಚೇರಿಯಲ್ಲಿ ವಿಚಾರಿಸಬೇಕು. ಎರಡನೆಯದು ಕೋಣೆ. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಬರುವ ದಿನಗಳಿಗೆ ಸ್ವಚ್ಛವಾದ ಸಾಧಾರಣ ಕೋಣೆ ಸಾಕು. ಕಡಲಿನೆದುರಿನ ಕೋಣೆ ಬೇಕೆಂದರೆ ಏನೂ ಕಾರ್ಯಕ್ರಮವಿಲ್ಲದ ಒಂದು ದಿನಕ್ಕೆ ಅದನ್ನು ತೆಗೆದುಕೊಳ್ಳಬೇಕು. ಮೂರನೆಯದು ಓಡಾಟ. ಇಬ್ಬರೇ ಇದ್ದರೆ ಹ್ಯಾವ್‌ಲಾಕ್‌ನಲ್ಲಿ ಬಾಡಿಗೆ ಸ್ಕೂಟರ್ ಸಾಕು. ಎರಡು ಮನೆಯವರು ಸೇರಿ ಹೋದರೆ ಗಾಡಿಯ ಖರ್ಚು ಹಂಚಿಹೋಗುತ್ತದೆ. ವಿಮಾನ, ಫೆರಿಗಳ ಖರ್ಚು ಮಾತ್ರ ಎಷ್ಟು ಜನ ಸೇರಿದರೂ ತಲೆಗೆ ಅಷ್ಟೇ.

ಹ್ಯಾವ್‌ಲಾಕ್‌ನ ರಾಧಾನಗರ ಕಡಲತೀರಕ್ಕೆ ದುಡ್ಡು ಕೊಡಬೇಕಿಲ್ಲ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಕರೆದ ಆ ಬಿಳಿ ಮರಳಿನ ಮೇಲೆ ಇಡೀ ಮಧ್ಯಾಹ್ನ ಕೂತರೂ ಖರ್ಚಾಗುವುದು ಎಳನೀರಿನ ಹಣ ಮಾತ್ರ. ಅಂಥ ಮಧ್ಯಾಹ್ನಗಳಿಗೆ ದಿನ ಬೇಕು, ಹಣ ಬೇಡ.

ಸುರಕ್ಷತೆಯಲ್ಲಿ ಉಳಿತಾಯ ಕೂಡದು. ಸ್ಕೂಬಾಗೆ ಎಲ್ಲಕ್ಕಿಂತ ಕಡಿಮೆ ದರ ಹೇಳಿದವರ ಬಳಿ ಹೋಗಬಾರದು. ಆರೋಗ್ಯದ ಪ್ರಶ್ನೆಪತ್ರಿಕೆ ತುಂಬಿಸುವ, ಒಬ್ಬೊಬ್ಬರಿಗೆ ಒಬ್ಬ ತರಬೇತುದಾರ ಕೊಡುವ ಕಡೆಗೇ ಹೋಗಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಜಿ.ಬಿ. ಪಂತ್ ಇರುವುದು ಪೋರ್ಟ್ ಬ್ಲೇರ್‌ನಲ್ಲಿ. ಉಳಿದ ದ್ವೀಪಗಳಲ್ಲಿ ಸೌಲಭ್ಯ ಮಿತ. ವಯಸ್ಸಾದವರ ಮಾತ್ರೆ ಎರಡು ದಿನಕ್ಕಾಗುವಷ್ಟು ಹೆಚ್ಚೇ ಇರಲಿ, ಪ್ರವಾಸ ವಿಮೆ ಇರಲಿ. ಹವಳದ ಚೂರು ಎತ್ತಿಕೊಂಡು ಬರುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಮಕ್ಕಳಿಗೆ ಹೊರಡುವ ಮೊದಲೇ ಹೇಳಿಡಬೇಕು. ಬಾರಾಟಾಂಗ್‌ನ ಸುಣ್ಣದ ಗುಹೆಗೆ ಹೋಗುವ ದಾರಿ ಜಾರವಾ ಜನರ ಮೀಸಲು ಕಾಡಿನೊಳಗೆ ಹಾಯುತ್ತದೆ. ಗಾಡಿಗಳು ಬೆಂಗಾವಲಿನಲ್ಲಿ ಸಾಲಾಗಿ ಹೋಗಬೇಕು, ನಿಲ್ಲುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಅವರು ಪ್ರದರ್ಶನದ ವಸ್ತುಗಳಲ್ಲ ಎಂಬುದನ್ನು ನೆನಪಿಟ್ಟು, ಆ ದಾರಿಯೇ ಬೇಡವೆಂದು ನಿರ್ಧರಿಸಿದರೆ ಒಂದು ಪೂರ್ತಿ ದಿನದ ಗಾಡಿ ಬಾಡಿಗೆಯೂ ಉಳಿಯುತ್ತದೆ.

ಕೊನೆಯದಾಗಿ ಹಣ ಎಲ್ಲಿಂದ ಎಂಬ ಮಾತು. ಈಗ ಹೋಗಿ ಆಮೇಲೆ ಕಂತು ಕಟ್ಟಿ ಎನ್ನುವ ಯೋಜನೆಗಳು ಎಲ್ಲೆಲ್ಲೂ ಇವೆ. ಮನೆಗಾಗಿ, ಓದಿಗಾಗಿ ಸಾಲ ಮಾಡುವುದರಲ್ಲಿ ಅರ್ಥವಿದೆ. ಆರು ದಿನದ ಸಂತೋಷಕ್ಕೆ ಒಂದೂವರೆ ವರ್ಷ ಬಡ್ಡಿ ಕಟ್ಟುವುದರಲ್ಲಿ ಇಲ್ಲ. ಅದೇ ಒಂದೂವರೆ ವರ್ಷವನ್ನು ಮುಂಚಿತವಾಗಿ ಬಳಸಿಕೊಳ್ಳಬಹುದು. ನಮ್ಮ ಮಾದರಿ ಕುಟುಂಬ ತಿಂಗಳಿಗೆ 10,500ರಂತೆ 18 ತಿಂಗಳು ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿದರೆ ಸರಿಯಾಗಿ 1,89,000 ಆಗುತ್ತದೆ. ಬರುವ ಬಡ್ಡಿ ಮೇಲು ಲಾಭ. ಅಷ್ಟು ಕಟ್ಟಲಾಗದಿದ್ದರೆ ಎರಡು ವರ್ಷ ತೆಗೆದುಕೊಳ್ಳಲಿ, ಅಥವಾ ದ್ವೀಪಗಳಲ್ಲಿ ಒಂದನ್ನು ಕಡಿಮೆ ಮಾಡಲಿ. ದಿನಗಳನ್ನು ಮಾತ್ರ ಕಡಿಮೆ ಮಾಡದಿರಲಿ, ಎತ್ತಿಟ್ಟ ಶೇ 15ನ್ನು ಹೊರಡುವ ಮುನ್ನವೇ ಖರ್ಚಿನ ಪಟ್ಟಿಗೆ ಸೇರಿಸದಿರಲಿ. ಮೊದಲು ದಿನ ಎಣಿಸಿ, ಆಮೇಲೆ ದಾಟು ಎಣಿಸಿ, ಕೊನೆಗೆ ರೂಪಾಯಿ ಎಣಿಸಿದವರ ಲೆಕ್ಕ ದ್ವೀಪದಲ್ಲಿ ತಪ್ಪುವುದು ಅಪರೂಪ.